ಅರೆತಲೆನೋವಿಗೆ ತಕ್ಕ ಮದ್ದು

ತಲೆಯುಳ್ಳವರಿಗೆಲ್ಲ ತಲೆನೋವು ತಪ್ಪಿದ್ದಲ್ಲ ಎಂದು ಹೇಳುವುದುಂಟು. ಬಿಸಿಲಿನಲ್ಲಿ ತಿರುಗಿದರೆ, ನಿದ್ದೆಗೆಟ್ಟರೆ, ಜ್ವರ ಬಂದರೆ ತಲೆ ನೋಯುತ್ತದೆ. ಒಂದು ಲೋಟ ಕಾಫಿ ಕುಡಿದು, ಹಣೆಗೆ ಒಂದಿಷ್ಟು ಮುಲಾಮು ತಿಕ್ಕಿಕೊಂಡು ಮಲಗಿದರೆ ಅದು ಹೊರಟುಹೋಗುತ್ತದೆ. ಆದರೆ ಇಂಥ ಉಪಚಾರಗಳಿಗೆ ಜಗ್ಗದ ತಲೆನೋವೊಂದಿದೆ. ತಿಂಗಳಲ್ಲಿ ಒಂದೆರಡು ಸಲ ಅದು ಹೇಳದೆ ಕೇಳದೆ ಬರುತ್ತದೆ. ಬಂದಾಗ ಬೆಳಕನ್ನೂ ಶಬ್ದವನ್ನೂ ಸಹಿಸಲಾರದಂತೆ ಮಾಡಿ, ವಾಂತಿ ಬರಿಸಿ, ಒಂದೆರಡು ದಿನ ಮನುಷ್ಯನನ್ನು ಹಾಸಿಗೆಗೆ ಕೆಡವುತ್ತದೆ. ಇದನ್ನೇ ನಮ್ಮವರು ಅರೆತಲೆನೋವು, ಅರೆತಲೆಶೂಲೆ ಎಂದು ಕರೆಯುತ್ತಾರೆ. ವೈದ್ಯರು ಮೈಗ್ರೇನ್ ಎನ್ನುತ್ತಾರೆ.

ಮೈಸೂರಿನ ಕಾಲೇಜೊಂದರಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಪರೀಕ್ಷೆ ಹತ್ತಿರ ಬಂದಿದೆ. ರಾತ್ರಿ ಬಹಳ ಹೊತ್ತು ಓದಿ, ಬೆಳಗ್ಗೆ ತಿಂಡಿ ತಿನ್ನದೆ ಹೋದವಳು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದೇವರಾಜ ಮಾರುಕಟ್ಟೆಯ ಮಾರ್ಗವಾಗಿ ಮನೆಗೆ ಹಿಂದಿರುಗುತ್ತಾಳೆ. ಬೇರೆ ದಿನಗಳಲ್ಲಿ ಹಿತವಾಗಿದ್ದ ಮಲ್ಲಿಗೆಯ ಕಂಪೂ ಊದುಬತ್ತಿಯ ವಾಸನೆಯೂ ಅಂದು ತಾಳಲಾರದಷ್ಟು ಕಟುವಾಗಿ ತೋರುತ್ತವೆ. ಮನೆಗೆ ಬಂದು ಪುಸ್ತಕ ತೆರೆದರೆ ಅಕ್ಷರಗಳ ನಡುವೆ ಬೆಳಕಿನ ಒಂದು ಚುಕ್ಕೆ ಕಾಣುತ್ತದೆ. ಅದು ಅಂಕುಡೊಂಕಾದ ಗೆರೆಯಾಗಿ, ಮಿನುಗುತ್ತ ಹರಡಿಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಗೆರೆ ಮಾಯವಾಗಿ, ಬಲಗಣ್ಣಿನ ಹಿಂದೆ ನಾಡಿ ಮಿಡಿದಂತೆ ನೋವು ಮೊದಲಾಗುತ್ತದೆ.

ಮನೆಯಲ್ಲಿ ಉಪಚಾರಗಳಿಗೆ ಕೊರತೆಯಿಲ್ಲ. ಅಜ್ಜಿ ಶುಂಠಿ ತೇದು ಹಣೆಗೆ ಪಟ್ಟು ಹಾಕುತ್ತಾರೆ, ದೃಷ್ಟಿಯಾಗಿರಬಹುದೆಂದು ನಿವಾಳಿಸುತ್ತಾರೆ. ತಂದೆ ಕನ್ನಡಕ ಬದಲಾಯಿಸಬೇಕೆನ್ನುತ್ತಾರೆ. ನೆರೆಯವರು ಇದು ಸೈನಸ್ ತೊಂದರೆಯೇ ಸರಿ ಎಂದು ತೀರ್ಮಾನಿಸುತ್ತಾರೆ. ಔಷಧದ ಅಂಗಡಿಯವನು ಯಾವುದೋ ಮಾತ್ರೆಯನ್ನು ಕೊಡುತ್ತಾನೆ. ಎರಡು ದಿನಗಳ ಮೇಲೆ ನೋವು ನಿಲ್ಲುತ್ತದೆ. ಯಾವುದರಿಂದ ನಿಂತಿತು? ಪಟ್ಟಿನಿಂದಲೋ, ಮಾತ್ರೆಯಿಂದಲೋ, ಅಥವಾ ತಾನಾಗಿಯೇ ನಿಂತಿತೋ? ಈ ಪ್ರಶ್ನೆ ಸುಲಭವೆಂದು ತೋರಬಹುದು. ಆದರೆ ಅರೆತಲೆನೋವಿಗೆ ತಕ್ಕ ಔಷಧವನ್ನು ಹುಡುಕುವ ಕಾರ್ಯವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ.

ಹಳೆಯ ರೋಗ, ವ್ಯಾಪಕವಾದ ರೋಗ

ಈ ನೋವು ಇಂದಿನ ನಾಗರಿಕತೆಯ ಫಲವೆಂದು ಕೆಲವರು ಭಾವಿಸುವರು. ಅದು ಸರಿಯಲ್ಲ. ಸುಶ್ರುತಸಂಹಿತೆಯಲ್ಲಿ ಹೇಳಿರುವ ಹನ್ನೊಂದು ಶಿರೋರೋಗಗಳಲ್ಲಿ ‘ಅರ್ಧಾವಭೇದಕ’ವೂ ಒಂದು, ಹೆಸರೇ ಹೇಳುವಂತೆ, ಅದು ತಲೆಯ ಅರ್ಧವನ್ನು ಭೇದಿಸುವ ನೋವು. ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಇದನ್ನು ‘ಹೆಮಿಕ್ರೇನಿಯ’ ಎಂದು ಕರೆದನು. ಅದರ ಅರ್ಥವೂ ಅರೆತಲೆ ಎಂದೇ. ಆ ಪದವೇ ಬಾಯಿಂದ ಬಾಯಿಗೆ ಸವೆದು ಮೈಗ್ರೇನ್ ಆಯಿತು.

ನಮ್ಮ ನಾಡಿನಲ್ಲಿ ಎಷ್ಟು ಜನ ಇದರಿಂದ ಬಳಲುತ್ತಿದ್ದಾರೆ? ೨೦೦೯ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ೨,೩೨೯ ಮಂದಿ ವಯಸ್ಕರನ್ನು ಪ್ರಶ್ನಿಸಿದರು. ೨೦೧೫ರಲ್ಲಿ ಪ್ರಕಟವಾದ ಅದರ ಫಲಿತಾಂಶ ಅಚ್ಚರಿ ಹುಟ್ಟಿಸುವಂಥದು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು ೨೫ ಜನರನ್ನು, ಎಂದರೆ ನಾಲ್ವರಲ್ಲಿ ಒಬ್ಬರನ್ನು, ಅರೆತಲೆನೋವು ಕಾಡಿತ್ತು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು: ಪೇಟೆಯವರಿಗಿಂತ ಹಳ್ಳಿಯವರಲ್ಲಿಯೇ ಇದು ಹೆಚ್ಚಾಗಿ ಕಂಡುಬಂತು. ಅರೆತಲೆನೋವು ಕುಳಿತು ಓದುವವರ ರೋಗ, ಸುಖಿಗಳ ರೋಗ ಎಂಬ ಮಾತು ಇದರಿಂದ ಸುಳ್ಳಾಯಿತು.

ತಲೆಯೊಳಗೆ ನಡೆಯುವುದೇನು?

ನಮ್ಮ ವಿದ್ಯಾರ್ಥಿನಿ ಕಂಡ ಮಿನುಗುವ ಗೆರೆಯಿಂದಲೇ ಆರಂಭಿಸೋಣ. ಅರೆತಲೆನೋವಿನ ರೋಗಿಗಳೆಲ್ಲರಿಗೂ ಇದು ಕಾಣುವುದಿಲ್ಲ. ಕೆಲವರಿಗೆ ಮಾತ್ರ ನೋವಿಗೆ ಮುನ್ನ ಈ ಪೂರ್ವಸೂಚನೆ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಅಂಥವರಲ್ಲೊಬ್ಬ. ಗೆರೆ ಕಾಣಿಸಿಕೊಂಡಾಗಲೆಲ್ಲ ಅದು ಎಲ್ಲಿದೆ, ಎಷ್ಟು ಹೊತ್ತಿಗೆ ಎಲ್ಲಿಗೆ ಸರಿಯಿತು ಎಂಬುದನ್ನು ಆತ ಕಾಗದದ ಮೇಲೆ ಬರೆದಿಟ್ಟನು. ಮಿದುಳಿನ ಹಿಂಭಾಗದಲ್ಲಿರುವ ದೃಷ್ಟಿಯ ಪ್ರದೇಶದ ಅಳತೆಯೊಡನೆ ಅದನ್ನು ಹೋಲಿಸಿ, ಯಾವುದೋ ಒಂದು ವಿಕ್ಷೋಭೆ ನಿಮಿಷಕ್ಕೆ ಸುಮಾರು ೩ ಮಿಲಿಮೀಟರಿನಂತೆ ಮಿದುಳಿನ ಮೇಲೆ ಹರಿಯುತ್ತಿರಬೇಕೆಂದು ೧೯೪೧ರಲ್ಲಿ ಲೆಕ್ಕ ಹಾಕಿದನು. ಮೂರು ವರ್ಷಗಳ ತರುವಾಯ ಬ್ರೆಜಿಲ್ ದೇಶದ ಲಿಯಾವೋ ಎಂಬಾತ ಮೊಲಗಳ ಮಿದುಳಿನಲ್ಲಿ ಅಂಥದೇ ಒಂದು ಅಲೆಯನ್ನು ಕಂಡನು. ಅದರ ವೇಗವೂ ಹೆಚ್ಚುಕಡಮೆ ಅಷ್ಟೇ! ಕೈಯಲ್ಲಿ ಸೀಸದಕಡ್ಡಿಯೊಂದನ್ನು ಬಿಟ್ಟು ಬೇರಾವ ಉಪಕರಣವೂ ಇಲ್ಲದ ರೋಗಿಯೊಬ್ಬ ತನ್ನನ್ನೇ ಗಮನಿಸಿ ಇಷ್ಟನ್ನು ತಿಳಿಯಬಲ್ಲನೆಂಬುದು ನೆನಪಿನಲ್ಲಿಡಬೇಕಾದ ಮಾತು.

ಇನ್ನು ನೋವಿನ ವಿಚಾರ. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಅದನ್ನು ಮುಚ್ಚಿರುವ ಪೊರೆಗೂ ಅದರ ರಕ್ತನಾಳಗಳಿಗೂ ಆ ಅರಿವುಂಟು. ಮುಖಕ್ಕೂ ಹಣೆಗೂ ಮೂರು ಕವಲುಗಳಾಗಿ ಹರಡಿರುವ ಟ್ರೈಜೆಮಿನಲ್ ನರದ ಎಳೆಗಳು ಈ ಪೊರೆಯನ್ನೂ ತಲುಪುತ್ತವೆ. ಅರೆತಲೆನೋವು ಬಂದಾಗ ಈ ನರದ ತುದಿಗಳಿಂದ ಕೆಲವು ರಾಸಾಯನಿಕ ವಸ್ತುಗಳು ಒಸರುತ್ತವೆ. ಅವುಗಳಲ್ಲಿ ಮುಖ್ಯವಾದುದು ಸಿ.ಜಿ.ಆರ್.ಪಿ. ಎಂಬ ಒಂದು ಚಿಕ್ಕ ಪ್ರೋಟೀನು. ಅದು ರಕ್ತನಾಳಗಳನ್ನು ಹಿಗ್ಗಿಸಿ, ನೋವಿನ ಸಂದೇಶವನ್ನು ತೀವ್ರಗೊಳಿಸುತ್ತದೆ.

ಜೊತೆಗೆ ಹೊಟ್ಟೆಯ ಚಲನೆಯೂ ಮಂದವಾಗುತ್ತದೆ. ಓಕರಿಕೆ ಬರುವಾಗ ನುಂಗಿದ ಮಾತ್ರೆ ಹೊಟ್ಟೆಯಲ್ಲಿಯೇ ಉಳಿದು, ರಕ್ತಕ್ಕೆ ಸೇರಲು ತಡವಾಗುತ್ತದೆ. ‘ನನಗೆ ಯಾವ ಮಾತ್ರೆಯೂ ನಾಟುವುದಿಲ್ಲ’ ಎನ್ನುವವರಲ್ಲಿ ಅನೇಕರು ಮಾತ್ರೆಯನ್ನು ತಡವಾಗಿ ನುಂಗಿದವರೇ ಆಗಿರುತ್ತಾರೆ.

ವಿಷದಿಂದ ಬಂದ ಔಷಧ

ಅರೆತಲೆನೋವಿನ ಮೊದಲ ನಿಶ್ಚಿತವಾದ ಮದ್ದು ದೊರೆತದ್ದು ಒಂದು ವಿಷದಿಂದ. ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎಂಬ ಶಿಲೀಂಧ್ರ ತಗಲುತ್ತದೆ. ಮಧ್ಯಯುಗದ ಯೂರೋಪಿನಲ್ಲಿ ಅಂಥ ಧಾನ್ಯದ ರೊಟ್ಟಿ ತಿಂದವರ ರಕ್ತನಾಳಗಳು ಸಂಕುಚಿತವಾಗಿ, ಕೈಕಾಲುಗಳು ಕಪ್ಪಾಗಿ ಉದುರಿಹೋಗುತ್ತಿದ್ದುವು. ಆ ಯಾತನೆಯನ್ನು ಜನ ‘ಸಂತ ಆಂಟನಿಯ ಬೆಂಕಿ’ ಎಂದು ಕರೆದರು. ೧೯೧೮ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರ್ಥರ್ ಸ್ಟಾಲ್ ಎಂಬ ರಸಾಯನಶಾಸ್ತ್ರಜ್ಞ ಈ ಶಿಲೀಂಧ್ರದಿಂದ ಎರ್ಗಟಮೀನ್ ಎಂಬ ವಸ್ತುವನ್ನು ಬೇರ್ಪಡಿಸಿದನು. ಮುಂದೆ ಕೆಲವೇ ವರ್ಷಗಳಲ್ಲಿ ಅದನ್ನು ಅರೆತಲೆನೋವಿಗೆ ಕೊಟ್ಟು ನೋಡಲಾಯಿತು. ೧೯೩೮ರಲ್ಲಿ ಅಮೆರಿಕದ ಗ್ರಹಾಮ್ ಮತ್ತು ವುಲ್ಫ್ ಎಂಬ ವೈದ್ಯರು ರೋಗಿಗಳ ಕಪೋಲದ ರಕ್ತನಾಳದ ಮಿಡಿತವನ್ನು ದಾಖಲಿಸಿ, ಎರ್ಗಟಮೀನ್ ಕೊಟ್ಟಾಗ ಮಿಡಿತ ಕುಗ್ಗಿದಂತೆ ನೋವೂ ಕುಗ್ಗುವುದನ್ನು ತೋರಿಸಿದರು.

ಔಷಧವಾದರೂ ಅದರ ಹಳೆಯ ಗುಣ ಪೂರ್ತಿ ಹೋಗಿಲ್ಲ. ಅಳತೆ ಮೀರಿದರೆ ರಕ್ತನಾಳಗಳನ್ನು ಅದು ಇಂದಿಗೂ ಬಿಗಿಯುತ್ತದೆ. ಕ್ಲಾರಿತ್ರೊಮೈಸಿನ್‌ನಂಥ ಕೆಲವು ಜೀವಿರೋಧಕಗಳೊಡನೆ ಸೇರಿದರೆ ಅಪಾಯಕಾರಿಯಾಗುತ್ತದೆ. ಗರ್ಭಿಣಿಯರಿಗೂ ಹೃದ್ರೋಗಿಗಳಿಗೂ ಅದನ್ನು ಕೊಡಬಾರದು. ಅಂಗಡಿಯಲ್ಲಿ ಕೇಳಿ ಕೊಳ್ಳುವ ಅರೆತಲೆನೋವಿನ ಮಿಶ್ರಣದ ಮಾತ್ರೆಗಳಲ್ಲಿ ಎರ್ಗಟಮೀನ್ ಇರಬಹುದೆಂಬುದನ್ನು ಬಹುಮಂದಿ ಅರಿಯರು.

ಅಲ್ಲಿಂದ ಮುಂದಿನ ಹೆಜ್ಜೆ ಹೆಚ್ಚು ಯೋಚಿಸಿ ಇಟ್ಟದ್ದು. ರಕ್ತದಲ್ಲಿರುವ ಸೆರೊಟೋನಿನ್ ಎಂಬ ವಸ್ತುವಿಗೂ ಈ ನೋವಿಗೂ ಸಂಬಂಧವಿದೆಯೆಂದು ೧೯೬೦ರ ಸುಮಾರಿಗೆ ತಿಳಿದುಬಂತು. ಆದರೆ ಸೆರೊಟೋನಿನ್ನನ್ನೇ ಕೊಟ್ಟರೆ ಇಡೀ ದೇಹದ ಮೇಲೆ ಪರಿಣಾಮವಾಗುತ್ತದೆ. ತಲೆಯ ರಕ್ತನಾಳಗಳ ಮೇಲೆ ಮಾತ್ರ ಹೆಚ್ಚಾಗಿ ಕೆಲಸಮಾಡುವ ವಸ್ತುವೊಂದನ್ನು ರಚಿಸಲು ಪ್ಯಾಟ್ರಿಕ್ ಹಂಫ್ರಿ ಎಂಬ ವಿಜ್ಞಾನಿಯೂ ಸಂಗಡಿಗರೂ ಇಂಗ್ಲೆಂಡಿನ ಗ್ಲಾಕ್ಸೊ ಪ್ರಯೋಗಶಾಲೆಯಲ್ಲಿ ೧೯೭೨ರಿಂದ ದುಡಿದರು. ಫಲವಾಗಿ ಬಂದದ್ದೇ ಸುಮಟ್ರಿಪ್ಟಾನ್; ೧೯೯೧ರಲ್ಲಿ ಅದು ಮಾರಾಟಕ್ಕೆ ಬಂತು. ಅದರ ಬಳಗದ ಔಷಧಗಳು ಇಂದು ನಮ್ಮ ದೇಶದಲ್ಲಿಯೂ ದೊರೆಯುತ್ತವೆ. ಗೋಡ್ಸ್‌ಬಿ ಮತ್ತು ಎಡ್ವಿನ್‌ಸನ್ ಎಂಬವರು, ನೋವು ಬಂದಿರುವಾಗ ತಲೆಯಿಂದ ಹಿಂದಿರುಗುವ ರಕ್ತದಲ್ಲಿ ಸಿ.ಜಿ.ಆರ್.ಪಿ. ಏರುವುದನ್ನು ತೋರಿಸಿದರು. ಅದನ್ನು ತಡೆಯುವ ಚುಚ್ಚುಮದ್ದುಗಳು ೨೦೧೮ರಿಂದ ಬಳಕೆಗೆ ಬಂದಿವೆ. ಈ ಸಂಶೋಧನೆಗಾಗಿ ೨೦೨೧ರಲ್ಲಿ ಅವರಿಬ್ಬರಿಗೂ ಇನ್ನಿಬ್ಬರು ವಿಜ್ಞಾನಿಗಳಿಗೂ ಡೆನ್ಮಾರ್ಕಿನ ಮಿದುಳಿನ ಪಾರಿತೋಷಕ ಸಂದಿತು. ಆದರೆ ಆ ಚುಚ್ಚುಮದ್ದುಗಳ ಬೆಲೆ ಸಾಮಾನ್ಯ ಸಂಸಾರಗಳ ಕೈಗೆಟುಕುವಂಥದಲ್ಲ.

ನೋವು ಬಾರದಂತೆ ತಡೆಯುವ ಔಷಧಗಳದು ಮತ್ತೊಂದು ಕಥೆ. ೧೯೬೬ರಲ್ಲಿ ಎದೆನೋವಿಗೆಂದು ಪ್ರೊಪ್ರನಲಾಲ್ ಸೇವಿಸುತ್ತಿದ್ದ ರೋಗಿಯೊಬ್ಬನ ಅರೆತಲೆನೋವೂ ಶಮನವಾದುದನ್ನು ವೈದ್ಯರು ಗಮನಿಸಿದರು. ಯಾರೂ ಹುಡುಕದೆ ದೊರೆತ ಆ ಔಷಧವನ್ನು ಇಂದಿಗೂ ಬಳಸುತ್ತಾರೆ. ಮನಸ್ಸಿನ ಖಿನ್ನತೆಗೆ ಕೊಡುತ್ತಿದ್ದ ಅಮಿಟ್ರಿಪ್ಟಿಲಿನ್, ಅಪಸ್ಮಾರಕ್ಕೆ ಕೊಡುತ್ತಿದ್ದ ಟೋಪಿರಮೇಟ್ ಇವೂ ಹೀಗೆಯೇ ಬೇರೆ ರೋಗಗಳಿಂದ ಇತ್ತ ಬಂದವು.

ಹುಸಿಗುಳಿಗೆಯ ಪಾಠ

ಇಷ್ಟು ಔಷಧಗಳಿದ್ದ ಮೇಲೆ ಎಲ್ಲಕ್ಕಿಂತ ಉತ್ತಮವಾದುದನ್ನು ಎಲ್ಲರಿಗೂ ಕೊಟ್ಟುಬಿಡಬಾರದೇಕೆ? ಇದಕ್ಕೆ ಉತ್ತರ ಅಂಕೆಗಳಲ್ಲಿದೆ. ಔಷಧದ ಪರೀಕ್ಷೆಯಲ್ಲಿ ಕೆಲವು ರೋಗಿಗಳಿಗೆ ನಿಜವಾದ ಗುಳಿಗೆಯನ್ನೂ ಕೆಲವರಿಗೆ ನೋಡಲು ಹಾಗೆಯೇ ಇರುವ, ಆದರೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಕೊಡುವವನಿಗೂ ತಿಳಿಯದು. ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ೫೦ ಮಿಲಿಗ್ರಾಂ ಸುಮಟ್ರಿಪ್ಟಾನ್ ಸೇವಿಸಿದವರಲ್ಲಿ ನೂರಕ್ಕೆ ೫೭ ಮಂದಿಗೆ ಎರಡು ಗಂಟೆಗಳಲ್ಲಿ ನೋವು ಇಳಿದಿತ್ತು. ಪೂರ್ಣ ಪ್ರಮಾಣದ ಸಾಮಾನ್ಯ ಆಸ್ಪಿರಿನ್ ಸೇವಿಸಿದವರಲ್ಲಿ ೫೨ ಮಂದಿಗೆ ಇಳಿದಿತ್ತು. ಹುಸಿಗುಳಿಗೆ ನುಂಗಿದವರಲ್ಲಿಯೂ ೩೨ ಮಂದಿಗೆ ಇಳಿದಿತ್ತು!

ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯಬಹುದು. ಒಂದನೆಯದು, ಯಾವ ಔಷಧವೂ ಎಲ್ಲರಿಗೂ ಒಗ್ಗದು. ಒಬ್ಬರಿಗೆ ಅಮೃತವಾದುದು ಇನ್ನೊಬ್ಬರಿಗೆ ಬರಿಯ ನೀರಾಗಬಹುದು. ಎರಡನೆಯದು, ಹೆಚ್ಚು ಬೆಲೆಯ ಮಾತ್ರೆಯೇ ಹೆಚ್ಚು ಗುಣಕಾರಿಯೆಂದು ತಿಳಿಯಬೇಕಾಗಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಔಷಧವಿಲ್ಲದೆಯೇ ಮೂವರಲ್ಲಿ ಒಬ್ಬರಿಗೆ ನೋವು ಇಳಿಯುವಾಗ, ‘ಒಂದು ಸಲ ತೆಗೆದುಕೊಂಡೆ, ಗುಣವಾಯಿತು’ ಎಂಬ ಮಾತು ಪ್ರಮಾಣವಾಗಲಾರದು. ‘ಒಂದು ಸಲ ತೆಗೆದುಕೊಂಡೆ, ಗುಣವಾಗಲಿಲ್ಲ’ ಎಂಬುದೂ ಅಷ್ಟೇ.

ರೋಗಿಯೇ ಪರೀಕ್ಷಕ

ಹಾಗಾದರೆ ನಮ್ಮ ವಿದ್ಯಾರ್ಥಿನಿ ಏನು ಮಾಡಬೇಕು? ಮೊದಲು ಇದು ಅರೆತಲೆನೋವೇ ಎಂಬುದನ್ನು ವೈದ್ಯರಿಂದ ನಿಶ್ಚಯಿಸಿಕೊಳ್ಳಬೇಕು. ಇದಕ್ಕೆ ಬಹುಮಟ್ಟಿಗೆ ಯಾವ ಯಂತ್ರವೂ ಬೇಡ. ರೋಗಿಯ ಮಾತೇ ಸಾಕು. ವೈದ್ಯರು ಕೇಳುವುದು ಇಷ್ಟು: ಚಿಕಿತ್ಸೆಯಿಲ್ಲದಿದ್ದರೆ ನೋವು ೪ರಿಂದ ೭೨ ಗಂಟೆಗಳವರೆಗೆ ಇರುವುದೇ? ಒಂದೇ ಮಗ್ಗುಲಲ್ಲಿ ಬರುವುದೇ? ನಾಡಿಯಂತೆ ಮಿಡಿಯುವುದೇ? ಕೆಲಸ ಕೆಡಿಸುವಷ್ಟು ತೀವ್ರವೇ? ಮೆಟ್ಟಿಲು ಹತ್ತಿದರೆ ಹೆಚ್ಚುವುದೇ? ಓಕರಿಕೆ ಬರುವುದೇ? ಬೆಳಕು, ಶಬ್ದ ಸಹಿಸದೆ? ಕೆಲವರಿಗೆ ಎರಡು ಮಗ್ಗುಲಲ್ಲಿಯೂ ಬರುವುದುಂಟು. ಹೆಸರನ್ನು ನೋಡಿ ಮೋಸಹೋಗಬಾರದು. ಆದರೆ ಸಿಡಿಲು ಬಡಿದಂತೆ ಫಕ್ಕನೆ ಬಂದ ನೋವು, ಜ್ವರದೊಡನೆ ಕತ್ತು ಬಿಗಿಯುವ ನೋವು, ಕೈಕಾಲು ಸೋಲುವಿಕೆ ಅಥವಾ ಮಾತಿನ ತೊದಲುವಿಕೆಯೊಡನೆ ಬಂದ ನೋವು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಐವತ್ತರ ಮೇಲೆ ಹೊಸದಾಗಿ ಮೊದಲಾದ ನೋವು, ಇವು ಬೇರೆ ಜಾತಿಯವು. ಇಂಥವು ಬಂದಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎರಡನೆಯದಾಗಿ, ಒಂದು ದಿನಚರಿಯನ್ನು ಇಡಬೇಕು. ನೋವು ಬಂದ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಊಟ ತಪ್ಪಿತೇ, ಬಿಸಿಲಿನಲ್ಲಿ ತಿರುಗಿದ್ದುಂಟೇ, ಹೆಂಗಸರಾದರೆ ಮುಟ್ಟಿನ ದಿನ, ಸೇವಿಸಿದ ಮಾತ್ರೆ, ಎರಡು ಗಂಟೆಗಳ ತರುವಾಯ ಹೇಗಿತ್ತು, ಇಷ್ಟನ್ನು ಬರೆದರೆ ಸಾಕು. ಎರಡು ಮೂರು ತಿಂಗಳಲ್ಲಿ ನೋವನ್ನು ಎಬ್ಬಿಸುವ ಕಾರಣಗಳು ತಾವಾಗಿ ಕಾಣತೊಡಗುತ್ತವೆ. ನಮ್ಮ ನಾಡಿನ ರೋಗಿಗಳಲ್ಲಿ ಉಪವಾಸ, ಬಿಸಿಲು, ಬಸ್ಸಿನ ಪ್ರಯಾಣ ಇವು ಸಾಮಾನ್ಯ. ತಲೆಗೆ ನೀರೆರೆದುಕೊಂಡ ದಿನ ನೋವು ಬರುತ್ತದೆಂದು ನಮ್ಮ ಹೆಂಗಸರು ಹೇಳುವ ಮಾತನ್ನು ಬಹುಕಾಲ ಯಾರೂ ಲಕ್ಷಿಸಲಿಲ್ಲ. ಮುಂಬಯಿಯ ವೈದ್ಯ ಕೆ. ರವಿಶಂಕರ್ ಅವರು ಇಂಥ ೯೪ ರೋಗಿಗಳನ್ನು ಕುರಿತು ೨೦೦೬ರಲ್ಲಿ ಬರೆದ ಮೇಲೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಥಾನ ದೊರೆಯಿತು.

ಮೂರನೆಯದಾಗಿ, ಔಷಧಕ್ಕೆ ನ್ಯಾಯವಾದ ಅವಕಾಶ ಕೊಡಬೇಕು. ನೋವು ಮೊದಲಾದೊಡನೆಯೇ, ಇನ್ನೂ ಸೌಮ್ಯವಾಗಿರುವಾಗಲೇ, ವೈದ್ಯರು ಹೇಳಿದ ಪೂರ್ಣ ಪ್ರಮಾಣದಲ್ಲಿ ಸೇವಿಸಬೇಕು. ಹೆದರಿ ಅರ್ಧ ಮಾತ್ರೆ ನುಂಗಿ, ಮೂರು ಗಂಟೆ ಕಾದು ಇನ್ನರ್ಧ ನುಂಗುವುದು ವ್ಯರ್ಥ. ವಾಂತಿ ಹೆಚ್ಚಾಗಿದ್ದರೆ ಹೊಟ್ಟೆಯ ಚಲನೆಯನ್ನು ಸರಿಪಡಿಸುವ ಔಷಧವನ್ನೂ ಜೊತೆಗೆ ಕೊಡುತ್ತಾರೆ. ಅಥವಾ ಮೂಗಿನಲ್ಲಿ ಸಿಂಪಡಿಸುವ, ಚುಚ್ಚಿಕೊಳ್ಳುವ ರೂಪಗಳೂ ಉಂಟು. ಮೂರು ಸಲದ ನೋವಿನಲ್ಲಿ ಪರೀಕ್ಷಿಸಿದ ಮೇಲೆಯೇ ಒಂದು ಔಷಧ ನಿಷ್ಫಲವೆಂದು ತೀರ್ಮಾನಿಸಬೇಕು. ಒಂದು ಟ್ರಿಪ್ಟಾನ್ ಒಗ್ಗದವರಿಗೆ ಅದೇ ಬಳಗದ ಇನ್ನೊಂದು ಒಗ್ಗುವುದುಂಟು.

ತಿಂಗಳಿಗೆ ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ ತಡೆಯುವ ಔಷಧವನ್ನು ಯೋಚಿಸುತ್ತಾರೆ. ಇಲ್ಲಿ ಬೇಕಾದುದು ತಾಳ್ಮೆ. ಇದು ನಿತ್ಯವೂ ಸೇವಿಸುವ ಔಷಧ. ಚಿಕ್ಕ ಪ್ರಮಾಣದಿಂದ ಮೊದಲುಮಾಡಿ ಮೆಲ್ಲನೆ ಏರಿಸಬೇಕು. ಎರಡು ಮೂರು ತಿಂಗಳು ಕಳೆಯದೆ ಅದರ ಗುಣ ತಿಳಿಯದು. ಹತ್ತು ದಿನ ಸೇವಿಸಿ ‘ಗುಣವಿಲ್ಲ’ ಎಂದು ಬಿಟ್ಟುಬಿಡುವವರು ಬೀಜ ಬಿತ್ತಿ ಮರುದಿನವೇ ಮಣ್ಣು ಕೆದಕಿ ನೋಡುವವರಂತೆ. ನೋವಿನ ದಿನಗಳು ಅರ್ಧಕ್ಕಿಳಿದರೆ ಔಷಧ ಗೆದ್ದಂತೆಯೇ. ಪೂರ್ತಿ ನಿಲ್ಲಲೆಂದು ನಿರೀಕ್ಷಿಸಬಾರದು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಉಬ್ಬಸವುಳ್ಳವರಿಗೆ ಪ್ರೊಪ್ರನಲಾಲ್ ಸಲ್ಲದು. ಫ್ಲೂನರಿಜೀನ್ ತೂಕವನ್ನೂ ನಿದ್ದೆಯನ್ನೂ ಹೆಚ್ಚಿಸಬಹುದು. ತಾಯಿಯಾಗುವ ವಯಸ್ಸಿನವರಿಗೆ ವಾಲ್ಪ್ರೊಯೇಟ್ ಶಿಶುವಿಗೆ ಹಾನಿಕರ. ಹದಿನಾರು ತುಂಬದವರಿಗೆ ಆಸ್ಪಿರಿನ್ ಸಹ ಕೂಡದು.

ಮದ್ದೇ ನೋವಾದಾಗ

ಈ ಹುಡುಕಾಟದಲ್ಲಿ ಒಂದು ಹಳ್ಳವಿದೆ. ಅದರಲ್ಲಿ ಬಿದ್ದವರಿಗೆ ತಾವು ಬಿದ್ದಿರುವುದೇ ತಿಳಿಯದು. ನೋವಿನ ಮಾತ್ರೆಗಳನ್ನು ಮೇಲಿಂದ ಮೇಲೆ ನುಂಗುತ್ತ ಹೋದರೆ ಮಿದುಳು ನೋವಿಗೆ ಇನ್ನಷ್ಟು ಸೂಕ್ಷ್ಮವಾಗಿ, ಮಾತ್ರೆಯ ಪ್ರಭಾವ ಇಳಿದೊಡನೆ ನೋವು ಮರಳುತ್ತದೆ. ಆಗ ಮತ್ತೊಂದು ಮಾತ್ರೆ, ಮತ್ತೊಮ್ಮೆ ನೋವು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ ೧೫ ದಿನ, ಟ್ರಿಪ್ಟಾನ್, ಎರ್ಗಟಮೀನ್ ಅಥವಾ ಮಿಶ್ರಣದ ಮಾತ್ರೆಗಳನ್ನು ೧೦ ದಿನ ಮುಟ್ಟುವಂತೆ ಮೂರು ತಿಂಗಳಿಗೆ ಮೀರಿ ಸೇವಿಸಿದರೆ ಈ ಅಪಾಯವುಂಟು. ತಿಂಗಳಿಗೊಮ್ಮೆ ಬರುತ್ತಿದ್ದ ನೋವು ದಿನವೂ ಬರುವಂತಾಗುತ್ತದೆ. ವಿದ್ಯಾರ್ಥಿಗಳಾದರೆ ಒಂದು ವರ್ಷದ ಓದೇ ಹಾಳಾಗಬಹುದು. ಇದಕ್ಕೆ ಪರಿಹಾರ ಹೊಸ ಮಾತ್ರೆಯಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಹಳೆಯ ಮಾತ್ರೆಯನ್ನು ಬಿಡುವುದು. ಸೇವಿಸಿದ ದಿನಗಳ ಎಣಿಕೆ ದಿನಚರಿಯಲ್ಲಿದ್ದರೆ ಹಳ್ಳ ಮೊದಲೇ ಕಾಣುತ್ತದೆ.

೨೦೨೨ರಲ್ಲಿ ಕರ್ನಾಟಕ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಆರಂಭಿಸಿದ ಮಿದುಳಿನ ಆರೋಗ್ಯದ ಯೋಜನೆಯಲ್ಲಿ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ರೋಗ ಇವುಗಳೊಡನೆ ತಲೆನೋವಿಗೂ ಎಡೆ ದೊರೆತಿದೆ. ತಲೆನೋವೂ ವೈದ್ಯರ ಬಳಿಗೆ ಒಯ್ಯಬೇಕಾದ ರೋಗವೆಂಬುದಕ್ಕೆ ಇದೊಂದು ಒಪ್ಪಿಗೆ.

ನಮ್ಮ ವಿದ್ಯಾರ್ಥಿನಿಯನ್ನು ಮತ್ತೆ ನೆನೆಯೋಣ. ಅಜ್ಜಿಯ ಶುಂಠಿಯ ಪಟ್ಟನ್ನು ಅವಳು ಬಿಡಬೇಕಾಗಿಲ್ಲ. ಅದೂ ಅಜ್ಜಿಯ ಕೈಯೂ ಹಿತವಾದರೆ ಆಗಲಿ. ಆದರೆ ಬೆಳಗಿನ ತಿಂಡಿಯನ್ನು ತಪ್ಪಿಸದೆ, ಹೊತ್ತಿಗೆ ಸರಿಯಾಗಿ ಮಲಗಿ, ಬಿಸಿಲಿಗೆ ಕೊಡೆ ಹಿಡಿದು, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು, ಪ್ರತಿಸಲವೂ ಏನಾಯಿತೆಂಬುದನ್ನು ಬರೆದಿಡಲಿ. ಒಂದು ಔಷಧ ಸೋತರೆ ಇನ್ನೊಂದನ್ನು, ಅದೂ ಸೋತರೆ ಮತ್ತೊಂದನ್ನು, ಒಂದು ಸಲಕ್ಕೆ ಒಂದೇ ಬದಲಾವಣೆಯಂತೆ ಪರೀಕ್ಷಿಸಲಿ. ಲ್ಯಾಶ್ಲಿ ಕಾಗದದ ಮೇಲೆ ಗೆರೆ ಬರೆದದ್ದು ಹೀಗೆಯೇ. ಆಕೆಗೆ ತಕ್ಕ ಮದ್ದು ಯಾವುದೆಂದು ಯಾವ ಗ್ರಂಥದಲ್ಲಿಯೂ ಬರೆದಿಲ್ಲ; ಅದು ಅವಳ ದಿನಚರಿಯ ಪುಟಗಳಲ್ಲಿ ದೊರೆಯಬೇಕು.